ಮಳೆ ಬಾರದ ನಾಡಿನ ನೀರಿನ ಲೆಕ್ಕ

ಚಿಲಿ ದೇಶದ ಉತ್ತರ ತುದಿಯಲ್ಲಿರುವ ಅರಿಕಾ ಊರಿನಲ್ಲಿ ವರ್ಷದ ಸರಾಸರಿ ಮಳೆ ಒಂದು ಮಿಲಿಮೀಟರಿಗೂ ಕಡಿಮೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು ಸಾವಿರ ಕಿಲೊಮೀಟರ್ ಹಬ್ಬಿರುವ ಅಟಕಾಮ, ಧ್ರುವಪ್ರದೇಶಗಳನ್ನು ಬಿಟ್ಟರೆ ಭೂಮಿಯ ಅತಿ ಒಣ ಮರುಭೂಮಿ. ಮೈಲುಗಟ್ಟಲೆ ಹುಲ್ಲುಕಡ್ಡಿಯೂ ಕಾಣದ ಈ ನೆಲಕ್ಕಾಗಿ ಮೂರು ದೇಶಗಳು ಕಾದಾಡಿವೆ. ಜಗತ್ತಿನ ಹೊಲಗಳಿಗೆ ಗೊಬ್ಬರ, ವಿದ್ಯುತ್ ತಂತಿಗಳಿಗೆ ತಾಮ್ರ, ಬ್ಯಾಟರಿಗಳಿಗೆ ಲಿಥಿಯಂ ಇಲ್ಲಿಂದ ಹೋಗಿದೆ. ಮಳೆ ಬಾರದ್ದೇ ಅಟಕಾಮದ ಆಸ್ತಿ. ಆದರೆ ಆ ಆಸ್ತಿಯನ್ನು ನೆಲದಿಂದ ತೆಗೆಯಲು ನೀರು ಬೇಕು. ಇಲ್ಲಿನ ನೂರೈವತ್ತು ವರ್ಷಗಳ ಇತಿಹಾಸವನ್ನು ಈ ಇಕ್ಕಟ್ಟೇ ರೂಪಿಸಿದೆ.

ಬರವೇ ಕೂಡಿಟ್ಟ ಸಂಪತ್ತು

ಪೂರ್ವಕ್ಕೆ ಆಂಡಿಸ್ ಪರ್ವತಗಳಿವೆ. ಅಮೆಜಾನ್ ಕಡೆಯಿಂದ ಬರುವ ತೇವವೆಲ್ಲ ಅವುಗಳ ಆಚೆ ಮಗ್ಗುಲಲ್ಲೇ ಸುರಿದು ಮುಗಿಯುತ್ತದೆ. ಪಶ್ಚಿಮದ ಕಡಲಿನಲ್ಲಿ ಹರಿಯುವ ಹಂಬೋಲ್ಟ್ ಶೀತ ಪ್ರವಾಹ ಗಾಳಿಯನ್ನು ತಣ್ಣಗಾಗಿಸಿ ಮೇಲೇರಲು ಬಿಡುವುದಿಲ್ಲ. ಹಾಗಾಗಿ ಕರಾವಳಿಯ ಬೆಟ್ಟಗಳಿಗೆ 'ಕಮಂಚಾಕ' ಎಂಬ ದಟ್ಟ ಮಂಜು ಮುತ್ತಿಕೊಂಡರೂ ಅದು ಮಳೆಯಾಗುವುದು ತೀರಾ ಅಪರೂಪ. ಇದರ ಮೇಲೆ, ಮೋಡ ಕಟ್ಟಲು ಬಿಡದ ಅಧಿಕ ವಾಯುಭಾರವೂ ಈ ಅಕ್ಷಾಂಶದಲ್ಲಿ ನೆಲೆನಿಂತಿದೆ.

ಇಂಥ ನೆಲದಲ್ಲಿ ಉಪ್ಪುಗಳು ಕೊಚ್ಚಿಹೋಗುವುದಿಲ್ಲ. ಬೇರೆಲ್ಲಿಯಾದರೂ ಒಂದು ಮಳೆಗಾಲಕ್ಕೆ ಕರಗಿಹೋಗುವ ಸೋಡಿಯಂ ನೈಟ್ರೇಟ್ ಇಲ್ಲಿ ಲಕ್ಷಾಂತರ ವರ್ಷ ಮಣ್ಣಿನಲ್ಲಿ ಗಟ್ಟಿಯಾಗಿ ಕುಳಿತಿತು. ತಾಮ್ರದ ಕಥೆಯೂ ಹೀಗೆಯೇ. ಅಷ್ಟಿಷ್ಟು ಮಳೆಯಿದ್ದ ಪುರಾತನ ಕಾಲದಲ್ಲಿ ಇಂಗಿದ ನೀರು ಮೇಲ್ಪದರದ ತಾಮ್ರವನ್ನು ಕರಗಿಸಿ ಕೆಳಗೆ ಕೂಡಿಹಾಕಿತು. ಆಮೇಲೆ ಬರ ಖಾಯಂ ಆಯಿತು, ಸವಕಳಿ ನಿಂತಿತು, ಅದಿರು ಉಳಿಯಿತು. ಲಿಥಿಯಂ ಬಂದದ್ದು ಆಂಡಿಸ್‌ನ ಜ್ವಾಲಾಮುಖಿ ಶಿಲೆಗಳನ್ನು ತೊಳೆದು ಇಳಿದ ನೀರಿನೊಡನೆ. ಹೊರಹರಿವಿಲ್ಲದ ತಗ್ಗಿನಲ್ಲಿ ಆ ನೀರು ನಿಂತು ಆವಿಯಾಗಿ, ಉಪ್ಪು ಮಾತ್ರ ಉಳಿಯಿತು.

ಗೊಬ್ಬರಕ್ಕಾಗಿ ಯುದ್ಧ

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಹೊಲಗಳಿಗೂ ಸಿಡಿಮದ್ದಿನ ಕಾರ್ಖಾನೆಗಳಿಗೂ ನೈಟ್ರೇಟ್ ಬೇಕಾಯಿತು. ಆಗ ಆಂಟೊಫಗಾಸ್ತಾ ಪ್ರಾಂತ ಬೊಲಿವಿಯಾದ್ದು, ತಾರಾಪಾಕಾ ಪೆರುವಿನದು. ಆಂಟೊಫಗಾಸ್ತಾದ ನೈಟ್ರೇಟ್ ಕಂಪನಿಯ ಮೇಲೆ ಬೊಲಿವಿಯಾ 1878ರಲ್ಲಿ ಹಾಕಿದ ಹತ್ತು ಸೆಂಟಿನ ತೆರಿಗೆ ಜಗಳಕ್ಕೆ ಕಿಡಿಯಾಯಿತು. 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿ ಗೆದ್ದು ಎರಡೂ ಪ್ರಾಂತಗಳನ್ನು ವಶಪಡಿಸಿಕೊಂಡಿತು. ಬೊಲಿವಿಯಾ ಕಡಲನ್ನೇ ಕಳೆದುಕೊಂಡಿತು. ಆ ನೋವು ಇಂದಿಗೂ ಆರಿಲ್ಲ. ಪ್ರತಿ ಮಾರ್ಚ್ 23ರಂದು ಅಲ್ಲಿ 'ಕಡಲ ದಿನ' ಆಚರಿಸುತ್ತಾರೆ.

ಗೆದ್ದ ಚಿಲಿಯ ಬೊಕ್ಕಸ ತುಂಬಿತು. ಗಣಿ ಕಾರ್ಮಿಕರ ಕೈಗೆ ಮಾತ್ರ ದುಡ್ಡು ಬರಲಿಲ್ಲ. ಅವರಿಗೆ ಸಿಗುತ್ತಿದ್ದುದು ಕಂಪನಿಯ ಅಂಗಡಿಯಲ್ಲಷ್ಟೇ ನಡೆಯುವ ಬಿಲ್ಲೆಗಳು. 1907ರ ಡಿಸೆಂಬರಿನಲ್ಲಿ ಸಾವಿರಾರು ಕಾರ್ಮಿಕರು ಹೆಂಡತಿ ಮಕ್ಕಳೊಡನೆ ಮರುಭೂಮಿಯಿಂದ ಇಕಿಕೆ ಬಂದರಿಗೆ ಇಳಿದು ಮುಷ್ಕರ ಹೂಡಿದರು. 21ರಂದು, ಅವರು ತಂಗಿದ್ದ ಸಾಂತಾ ಮರಿಯಾ ಶಾಲೆಯ ಮೇಲೆ ಸೈನ್ಯ ಗುಂಡು ಹಾರಿಸಿತು. ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ನೈಟ್ರೇಟಿನ ಈ ಸಾಮ್ರಾಜ್ಯವನ್ನು ಕೆಡವಿದ್ದು ಒಂದು ಪ್ರಯೋಗಾಲಯ. ಗಾಳಿಯಲ್ಲಿರುವ ಸಾರಜನಕದಿಂದಲೇ ಗೊಬ್ಬರಕ್ಕೆ ಬೇಕಾದ ಅಮೋನಿಯಾ ತಯಾರಿಸುವ ವಿಧಾನವನ್ನು ಜರ್ಮನಿಯಲ್ಲಿ ಫ್ರಿಟ್ಸ್ ಹಾಬರ್ ಕಂಡುಹಿಡಿದರು. ಕಾರ್ಲ್ ಬಾಶ್ ಅದನ್ನು ಕಾರ್ಖಾನೆಗೆ ಹೊಂದಿಸಿದರು, 1913ರಲ್ಲಿ ಉತ್ಪಾದನೆ ಶುರುವಾಯಿತು. ಕೆಲವೇ ದಶಕಗಳಲ್ಲಿ ಅಟಕಾಮದ ನೈಟ್ರೇಟ್ ಊರುಗಳು ಒಂದೊಂದಾಗಿ ಖಾಲಿಯಾದವು. ಅವುಗಳಲ್ಲಿ ಹಂಬರ್‌ಸ್ಟೋನ್ ಮತ್ತು ಸಾಂತಾ ಲಾರಾ 2005ರಿಂದ ಯುನೆಸ್ಕೊ ವಿಶ್ವಪರಂಪರೆಯ ತಾಣಗಳು.

ಕೆಂಪು ಲೋಹದ ನಾಡು

ಅಷ್ಟರಲ್ಲಿ ತಾಮ್ರ ಮುಂದೆ ಬಂದಿತ್ತು. ಕಲಾಮಾ ಊರಿನ ಪಕ್ಕದ ಚುಕಿಕಮಾಟಾದಲ್ಲಿ 1915ರಲ್ಲಿ ಅಮೆರಿಕದ ಬಂಡವಾಳದಿಂದ ದೊಡ್ಡ ಪ್ರಮಾಣದ ಗಣಿಗಾರಿಕೆ ಶುರುವಾಯಿತು. 1971ರ ಜುಲೈ 11ರಂದು ಚಿಲಿಯ ಸಂಸತ್ತು ದೊಡ್ಡ ತಾಮ್ರದ ಗಣಿಗಳನ್ನು ಅವಿರೋಧವಾಗಿ ರಾಷ್ಟ್ರೀಕರಣಗೊಳಿಸಿತು. ಇಂದು ಚುಕಿಕಮಾಟಾದ ಒಡೆತನ ಸರ್ಕಾರಿ ಕಂಪನಿ ಕೊಡೆಲ್ಕೊದ್ದು. ನಾಲ್ಕು ಕಿಲೊಮೀಟರಿಗೂ ಉದ್ದವಿರುವ ಈ ಗುಂಡಿಯ ತಳದಲ್ಲಿ ತೆರೆದ ಗಣಿಗಾರಿಕೆ ಇನ್ನು ಸಾಗದೆಂದು 2019ರಲ್ಲಿ ಸುರಂಗ ಗಣಿ ಆರಂಭಿಸಿದರು. ಗಣಿಯ ಅಂಚಿನಲ್ಲಿದ್ದ ಊರಿನ ಜನರನ್ನು ಅದಕ್ಕೂ ಮೊದಲೇ ಕಲಾಮಾಕ್ಕೆ ಸ್ಥಳಾಂತರಿಸಲಾಗಿತ್ತು. ಆಂಟೊಫಗಾಸ್ತಾ ನಗರದ ಆಗ್ನೇಯಕ್ಕಿರುವ ಎಸ್ಕೊಂದಿದಾ ಜಗತ್ತಿನಲ್ಲೇ ಅತಿ ಹೆಚ್ಚು ತಾಮ್ರ ಕೊಡುವ ಗಣಿ. ಜಗತ್ತಿನ ಗಣಿಗಳಿಂದ ಬರುವ ತಾಮ್ರದಲ್ಲಿ ಸುಮಾರು ಕಾಲು ಪಾಲು ಚಿಲಿಯದು.

ತಲಾ ಆದಾಯದ ಲೆಕ್ಕದಲ್ಲಿ ಆಂಟೊಫಗಾಸ್ತಾ ಚಿಲಿಯ ಅತಿ ಶ್ರೀಮಂತ ಪ್ರಾಂತ. ಆದರೆ ಅದೇ ಹೆಸರಿನ ನಗರದ ಬೆಟ್ಟದ ಇಳಿಜಾರಿನಲ್ಲಿ ತಗಡು, ಹಲಗೆಯ ಗುಡಿಸಲುಗಳು ಸಾಲುಗಟ್ಟಿವೆ. ಗಣಿ ಕೆಲಸಗಾರರಲ್ಲಿ ಹಲವರು ವಾರಕ್ಕೆ ವಾರ ಪಾಳಿ ಮುಗಿಸಿ ದಕ್ಷಿಣದ ಊರುಗಳಿಗೆ ವಿಮಾನದಲ್ಲಿ ಮರಳುವವರು. ಸಂಬಳ ಅವರ ಜೊತೆಗೇ ಹೋಗುತ್ತದೆ. ದೂಳು ಮತ್ತು ದುಬಾರಿ ಬಾಡಿಗೆ ಸ್ಥಳೀಯರಿಗೆ ಉಳಿಯುತ್ತವೆ. ತಾಮ್ರದ ಆದಾಯದಲ್ಲಿ ಶೇ 5ರಷ್ಟಾದರೂ ತಮಗೆ ಉಳಿಯಲಿ ಎಂದು ಕಲಾಮಾದ ಜನ ಬೀದಿಗಿಳಿದದ್ದು ಇದೇ ಕಾರಣಕ್ಕೆ.

ಯಾರ ಪಾಲಿನ ನೀರು?

ಅದಿರು ಅರೆಯಲು, ತೊಳೆಯಲು, ದೂಳು ತಗ್ಗಿಸಲು ನೀರು ಬೇಕು. 1981ರ ಕಾನೂನು ಚಿಲಿಯಲ್ಲಿ ನೀರಿನ ಹಕ್ಕನ್ನು ಜಮೀನಿನಿಂದ ಬೇರ್ಪಡಿಸಿ, ಕೊಂಡು ಮಾರುವ ಸರಕಾಗಿಸಿತು. ಹಣವಿದ್ದ ಗಣಿಗಳಿಗೆ ನೀರು ಸಿಕ್ಕಿತು, ಲೋವಾ ನದಿಯನ್ನೇ ನೆಚ್ಚಿದ್ದ ಕಿಯಾಗ್ವಾದಂಥ ಊರುಗಳಲ್ಲಿ ಬೇಸಾಯ ಬತ್ತಿತು. ಕುಡಿಯುವ ನೀರಿನ ಕಥೆ ಇನ್ನೂ ಕಠೋರ. 1958ರಲ್ಲಿ ಆಂಡಿಸ್‌ನ ತೊಕೊನ್ಸೆ ನದಿಯಿಂದ ಆಂಟೊಫಗಾಸ್ತಾಕ್ಕೆ ಕೊಳವೆ ಹಾಕಿದರು. ಆ ನೀರಿನಲ್ಲಿ ಸಹಜವಾಗಿಯೇ ಆರ್ಸೆನಿಕ್ ಇತ್ತು, ಲೀಟರಿಗೆ ಸುಮಾರು 860 ಮೈಕ್ರೊಗ್ರಾಂ. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 10. ಶುದ್ಧೀಕರಣ ಘಟಕ ಬಂದದ್ದು 1970ರಲ್ಲಿ. ಕುಡಿದವರಲ್ಲಿ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ದಶಕಗಳ ನಂತರವೂ ಹೆಚ್ಚಾಗಿ ಕಾಣಿಸಿಕೊಂಡಿತು.

ಈಗ ದೊಡ್ಡ ಗಣಿಗಳು ಕಡಲಿನತ್ತ ತಿರುಗಿವೆ. ಎಸ್ಕೊಂದಿದಾ ಕಡಲ ನೀರನ್ನು ಸಿಹಿಯಾಗಿಸಿ, ಮೂರು ಸಾವಿರ ಮೀಟರಿಗೂ ಎತ್ತರಕ್ಕೆ ಪಂಪು ಮಾಡುತ್ತದೆ. ದುಬಾರಿಯಾದರೂ ಆಂಡಿಸ್‌ನ ಅಂತರ್ಜಲವನ್ನು ಹೀರುವುದಕ್ಕಿಂತ ನೂರು ಪಾಲು ಮೇಲು.

ಲಿಥಿಯಂಗೆ ಅಂಥ ಸುಲಭದ ದಾರಿಯಿಲ್ಲ, ಏಕೆಂದರೆ ಅಲ್ಲಿ ಉಪ್ಪುನೀರೇ ಅದಿರು. ಸುಮಾರು ಮೂರು ಸಾವಿರ ಚದರ ಕಿಲೊಮೀಟರಿನ ಸಲಾರ್ ದ ಅಟಕಾಮ ಉಪ್ಪುಬಯಲಿನಲ್ಲಿ ಆ ನೀರನ್ನು ಮೇಲೆತ್ತಿ, ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳಂತೆ, ಮಡಿಯಿಂದ ಮಡಿಗೆ ಹಾಯಿಸಿ ಬಿಸಿಲಿಗೆ ಬಿಡುತ್ತಾರೆ. ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ನೀರಿನ ಬಹುಪಾಲು ಆವಿಯಾಗಿ ಹೋಗುತ್ತದೆ. ಪಂಪು ನಡೆಯುವ ಭಾಗದಲ್ಲಿ ನೆಲ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕುಸಿಯುತ್ತಿದೆ ಎಂದು ಚಿಲಿ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಮಾಹಿತಿಯಿಂದ 2024ರಲ್ಲಿ ತೋರಿಸಿದರು. ಈ ಬಯಲಿನ ಕೆರೆಗಳು ಫ್ಲೆಮಿಂಗೊಗಳ ನೆಲೆ. ಅಂಚಿನ ತೊಕೊನಾವ್, ಪೆಯ್ನೆ ಊರುಗಳಲ್ಲಿ ಲಿಕಾನ್ ಅಂತಾಯ್ ಮೂಲನಿವಾಸಿಗಳು ತಲೆಮಾರುಗಳಿಂದ ಬದುಕಿದ್ದಾರೆ.

2016ರಲ್ಲಿ, ಇಲ್ಲಿ ಲಿಥಿಯಂ ತೆಗೆಯುವ ಅಲ್ಬೆಮಾರ್ಲ್ ಕಂಪನಿ ತನ್ನ ಮಾರಾಟದ ಶೇ 3.5ರಷ್ಟನ್ನು ಇಲ್ಲಿನ ಮೂಲನಿವಾಸಿ ಸಮುದಾಯಗಳಿಗೆ ಕೊಡಲು ಒಪ್ಪಿತು. ಆಗ ಅಧ್ಯಕ್ಷರಾಗಿದ್ದ ಗೇಬ್ರಿಯಲ್ ಬೋರಿಕ್ 2023ರಲ್ಲಿ ಲಿಥಿಯಂನಲ್ಲಿ ಸರ್ಕಾರದ ಪಾಲು ಹೆಚ್ಚಿಸುವ ನೀತಿ ಪ್ರಕಟಿಸಿದರು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಎರಡೂ ಮುಖ್ಯವಾಗಿ ಹಣದ ಹಂಚಿಕೆಗೆ ಸಂಬಂಧಿಸಿದವು. ನೈಟ್ರೇಟಿನ ಪತನ ಒಂದು ಪಾಠ ಕಲಿಸಿದೆ: ಬೇಡಿಕೆ ದೂರದ ಪ್ರಯೋಗಾಲಯದಲ್ಲಿ ಯಾವಾಗ ಬೇಕಾದರೂ ಸಾಯಬಹುದು. ಸೋಡಿಯಂ ಬ್ಯಾಟರಿಗಳು ಈಗಾಗಲೇ ತಯಾರಾಗುತ್ತಿವೆ. ನಾಳೆ ಲಿಥಿಯಂ ಯಾರಿಗೂ ಬೇಡವಾದರೂ ಪೆಯ್ನೆಯ ಜನಕ್ಕೆ ನೀರು ಬೇಕು. ಆದ್ದರಿಂದ ಎಷ್ಟು ಟನ್ ತೆಗೆಯಬೇಕೆಂದು ತೀರ್ಮಾನಿಸುವ ಮೊದಲು, ಬಯಲಿಗೆ ಪ್ರತಿವರ್ಷ ಎಷ್ಟು ನೀರು ಇಳಿಯುತ್ತದೆ, ಎಷ್ಟು ಹೊರಹೋಗುತ್ತದೆ ಎಂಬ ಲೆಕ್ಕವನ್ನು ಆ ಊರುಗಳ ಎದುರು ಇಡಬೇಕು. ಅದು ತಾಳೆಯಾಗದಿದ್ದರೆ ಪಂಪು ನಿಲ್ಲಬೇಕು. ಬ್ಯಾಟರಿ ವಾಹನ ಏರುವ ಜಗತ್ತಿನ ಎಲ್ಲ ನಗರಗಳ ಜನ, ನಾವೂ ಸೇರಿ, ಕೇಳಬೇಕಾದ ಮೊದಲ ಪ್ರಶ್ನೆ: ಆ ನೀರಿನ ಲೆಕ್ಕ ತಾಳೆಯಾಗಿದೆಯೇ?