ಪೆಟ್ಟಿಗೆ ಕಟ್ಟುವ ಮುನ್ನ

ಡೊಂಬಿವಲಿಯಿಂದ ಐರೋಲಿಗೆ ಮನೆ ಬದಲಿಸಿದಾಗ ನಾವು ಪುಸ್ತಕದ ಪೆಟ್ಟಿಗೆಗಳಿಗೆ ಹಳದಿ ಪ್ಲಾಸ್ಟಿಕ್ ಪಟ್ಟಿ ಬಿಗಿಸಿ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಪೇರಿಸಿಟ್ಟಿದ್ದೆವು. ಬೇಸಿಗೆ ಮುಗಿಯುವಷ್ಟರಲ್ಲಿ ಪಟ್ಟಿ ಸಡಿಲಿ, ಪೆಟ್ಟಿಗೆ ಬಿರಿದು, ನನ್ನ ತಂದೆಯವರ ಪುಸ್ತಕಗಳು ಮೊದಲ ಮಳೆಗೇ ನೆನೆದವು. ತಪ್ಪು ನಮ್ಮದೇ. ಯಾವುದಕ್ಕೆ ಯಾವ ಪಟ್ಟಿ ಎಂದು ಯೋಚಿಸಿರಲಿಲ್ಲ.

ಓದುಗರೇ, ಆ ಹಳದಿ ಪಟ್ಟಿ ಪಾಲಿಪ್ರೊಪಿಲೀನಿನದು. ಅಗ್ಗ, ಹಗುರ. ಬಟ್ಟೆಬರೆಯ ಪೆಟ್ಟಿಗೆಗೆ, ಎರಡು ದಿನದ ಪ್ರಯಾಣಕ್ಕೆ ಧಾರಾಳ ಸಾಕು. ಆದರೆ ಬಿಗಿದಿಟ್ಟರೆ ದಿನಕಳೆದಂತೆ ಹಿಗ್ಗುತ್ತದೆ, ಬಿಸಿಲಿಗೆ ಪೆಡಸಾಗುತ್ತದೆ. ತಿಂಗಳುಗಟ್ಟಲೆ ಇಡುವ ಭಾರದ ಸಾಮಾನಿಗೆ ಪಾಲಿಯೆಸ್ಟರ್ ಪಟ್ಟಿ ಮೇಲು. ಅಂಗಡಿಯಲ್ಲಿ 'ಪೆಟ್' ಪಟ್ಟಿ ಎಂದು ಕೇಳಿ. ಸಾಮಾನು ತುಸು ಕುಗ್ಗಿದರೂ ಅದು ತಾನೂ ಕುಗ್ಗಿ ಹಿಡಿದುಕೊಳ್ಳುತ್ತದೆ, ತುಕ್ಕೂ ಹಿಡಿಯುವುದಿಲ್ಲ. 1989ರಿಂದ ನಡೆಯುತ್ತಿರುವ ನಮ್ಮ ನ್ಹಾವಾ ಶೇವಾ ಬಂದರಿನಿಂದ ಹಡಗಿನಲ್ಲಿ ಮಕ್ಕಳಿಗೆ ಸಾಮಾನು ಕಳಿಸುವವರಿಗೂ ಇದೇ ಒಳ್ಳೆಯದು, ವಾರಗಟ್ಟಲೆಯ ಪ್ರಯಾಣವಲ್ಲವೇ?

ಇನ್ನು ಉಕ್ಕಿನ ಪಟ್ಟಿ. ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಭಾರೀ ಸುರುಳಿಗಳನ್ನು ಬಿಗಿದಿಡುವುದು ಅದೇ. ಚೂಪು ಅಂಚಿಗೂ ಬಿಸಿಗೂ ಜಗ್ಗುವುದಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ರಟ್ಟಿನ ಪೆಟ್ಟಿಗೆಯನ್ನು ಕೊಯ್ಯುತ್ತದೆ. ಕತ್ತರಿಸುವಾಗ ಚಿಮ್ಮಿ ಕಣ್ಣಿಗೆ ಬಡಿದೀತು, ಮನೆಯ ಕೆಲಸಕ್ಕೆ ಬೇಡವೇ ಬೇಡ.

ಪಟ್ಟಿ ಯಾವುದೇ ಇರಲಿ, ಮೂಲೆಗಳಿಗೆ ದಪ್ಪ ರಟ್ಟಿನ ತುಂಡು ಕೊಡಿ. ಪಟ್ಟಿ ಹಿಡಿದು ಪೆಟ್ಟಿಗೆ ಎತ್ತಬೇಡಿ. ಬಿಸಿಲು, ಮಳೆ ತಾಗದ ಕಡೆ ಇಡಿ. ನೆನೆದ ಪುಸ್ತಕ ಒಣಗಿದರೂ ಮೊದಲಿನಂತಾಗುವುದಿಲ್ಲ.