ಬೆದೆಯ ಗಳಿಗೆ: ಹಿಪ್ಪರಗಿ ಸೀಮೆಯ ಸಣ್ಣ ಕೊಟ್ಟಿಗೆಗಳಲ್ಲಿ

ಕೃಷ್ಣೆಗೆ ಕಟ್ಟಿದ ಹಿಪ್ಪರಗಿ ಬ್ಯಾರೇಜಿನ ಸುತ್ತ ಕಬ್ಬು ಹಬ್ಬಿರುವ ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಒಂದೆರಡು ಆಕಳು, ಎಮ್ಮೆ ಸಾಕುವ ಮನೆಗಳಿಗೆ ಹೋರಿ ಇಟ್ಟುಕೊಳ್ಳುವುದು ದುಬಾರಿಯಾದ್ದರಿಂದ, ಬೆದೆಯನ್ನು ಗುರುತಿಸುವ ಕೆಲಸ ಹೋರಿಯಿಂದ ಮನುಷ್ಯನ ಕಣ್ಣಿಗೆ ವರ್ಗವಾಗಿದೆ. ಬೆದೆಯೆಂದರೆ ಆಕಳು ಹೋರಿಯನ್ನು ಒಪ್ಪುವ ಅವಧಿ. ಗಬ್ಬವಾಗದ ಆಕಳಿನಲ್ಲಿ ಅದು ಸರಾಸರಿ 21 ದಿನಗಳಿಗೊಮ್ಮೆ ಮರಳಿ, ಸಾಮಾನ್ಯವಾಗಿ 12ರಿಂದ 18 ಗಂಟೆ ಉಳಿಯುತ್ತದೆ.

ಒದರುವುದು, ಮೇವು ಬಿಡುವುದು, ಪದೇ ಪದೇ ಉಚ್ಚೆ ಹೊಯ್ಯುವುದು, ತಿಳಿಯಾದ ಲೋಳೆ ಇಳಿಯುವುದು ಇವೆಲ್ಲ ಸೂಚನೆಗಳೇ ಆದರೂ, ಬೇರೊಂದು ದನ ಮೇಲೇರಿದಾಗ ಕದಲದೆ ನಿಲ್ಲುವುದೇ ಹೆಚ್ಚು ನಂಬಬಹುದಾದ ಗುರುತು. ದಿನವಿಡೀ ಗೂಟಕ್ಕೆ ಕಟ್ಟಿದ ಒಂಟಿ ಆಕಳಿನಲ್ಲಿ ಅದು ಕಾಣುವುದಾದರೂ ಹೇಗೆ? ಬೆಳಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕೆಂಬುದು, ಅಂದರೆ ಶೈತ್ಯೀಕರಿಸಿ ಕಾಪಿಟ್ಟ ವೀರ್ಯವನ್ನು ನಳಿಕೆಯಿಂದ ಗರ್ಭಕೋಶಕ್ಕೆ ಸೇರಿಸಬೇಕೆಂಬುದು, ರೂಢಿಯ ನಿಯಮ. ಎಮ್ಮೆಯ ವಿಷಯ ಇನ್ನೂ ತೊಡಕಿನದು: ಬೇಸಿಗೆಯಲ್ಲಿ ಹೊರಲಕ್ಷಣ ತೋರದ ಮೂಕ ಬೆದೆ ಹೆಚ್ಚಾದ್ದರಿಂದ, ತಂಪಾದ ನಸುಕಿನಲ್ಲೂ ರಾತ್ರಿಯಲ್ಲೂ ಕೊಟ್ಟಿಗೆಗೆ ಹೋಗಿ ನೋಡದ ಹೊರತು ತಿಳಿಯುವುದು ಕಷ್ಟ.

ಯಾವ ತಳಿಯ ವೀರ್ಯವೆಂಬುದೂ ಸಣ್ಣ ಪ್ರಶ್ನೆಯಲ್ಲ. ಎರೆಭೂಮಿಯ ಉಳುಮೆಗೆಂದು ಗಿರ್, ಒಂಗೋಲು ಮೊದಲಾದ ತಳಿಗಳನ್ನು ಬೆರೆಸಿ 19ನೆಯ ಶತಮಾನದಲ್ಲಿ ಇದೇ ಹೊಳೆಸಾಲಿನಲ್ಲಿ ರೂಪಿಸಿದ ಕೃಷ್ಣಾ ಕಣಿವೆ ತಳಿ, ಟ್ರ್ಯಾಕ್ಟರು ಬಂದ ಮೇಲೆ ವಿರಳವಾಗಿದೆ. ಹಾಲಿನ ಆಸೆಗೆ ಎಲ್ಲ ಆಕಳಿಗೂ ಜರ್ಸಿ, ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಎಂಬ ವಿದೇಶಿ ತಳಿಗಳ ವೀರ್ಯವನ್ನೇ ಹಾಕಿಸುತ್ತ ಹೋದರೆ ಆ ತಳಿಗೆ ಉಳಿಗಾಲವಿಲ್ಲ.