ಕೈ ಸುಟ್ಟ ಸುದ್ದಿ ಒಯ್ಯುವವರು ಯಾರು?

ಅಕ್ಕಂದಿರೇ, ನಾವು ದಿನಾ ರೊಟ್ಟಿ ಬಡಿಯುತ್ತೇವೆ. ಒಮ್ಮೊಮ್ಮೆ ಬೆರಳು ಕಾದ ಹಂಚಿಗೆ ತಾಗುತ್ತದೆ. ಥಟ್ಟನೆ ಕೈ ಹಿಂದಕ್ಕೆ ಬರುತ್ತದೆ. "ಅಯ್ಯೋ, ಸುಡ್ತು" ಅನ್ನೋದು ಆಮೇಲೆ. ಕೈ ತೆಗೆ ಎಂದು ಹೇಳಿದವರು ಯಾರು? ನಮ್ಮ ನರಗಳು.

ತಲೆಬುರುಡೆಯ ಒಳಗೆ ಮಿದುಳು ಇದೆ. ಮಿದುಳಿನಿಂದ ಒಂದು ಹುರಿ ಕೆಳಗೆ ಇಳಿದಿದೆ. ಅದು ಬೆನ್ನುಹುರಿ. ಅದರ ಉದ್ದ ಸುಮಾರು 45 ಸೆಂಟಿಮೀಟರ್, ಅಂದರೆ ಒಂದು ಮೊಳ. ಬೆನ್ನೆಲುಬಿನ ಮಣಿಗಳು ಅದನ್ನು ಕಾಯುತ್ತವೆ. ಬೆನ್ನುಹುರಿಯಿಂದ 31 ಜೋಡಿ ನರಗಳು ಹೊರಡುತ್ತವೆ.

ನಮ್ಮ ತುಂಗಭದ್ರೆಯ ಕಾಲುವೆ ನೋಡಿದ್ದೀರಲ್ಲ? ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆ. ಅದರಿಂದ ಗದ್ದೆಗೆ ನೀರು. ನರಗಳೂ ಹೀಗೇ ಕವಲೊಡೆದು ಬೆರಳ ತುದಿ ಮುಟ್ಟುತ್ತವೆ. ಆದರೆ ಕಾಲುವೆಯಲ್ಲಿ ನೀರು ಒಂದೇ ಕಡೆ ಹರಿಯುತ್ತದೆ. ನರಗಳಲ್ಲಿ ಸುದ್ದಿ ಹೋಗುವ ಎಳೆಗಳೂ ಇವೆ, ಬರುವ ಎಳೆಗಳೂ ಇವೆ. ಬೆರಳು ಸುಟ್ಟಾಗ ಸುದ್ದಿ ಬೆನ್ನುಹುರಿಗೆ ಬರುತ್ತದೆ. ಅಲ್ಲಿಂದಲೇ "ಕೈ ತೆಗೆ" ಎಂಬ ಅಪ್ಪಣೆ ಹೋಗುತ್ತದೆ. ಮಿದುಳಿಗೆ ತಿಳಿಯುವುದು ತುಸು ತಡ.

ಗೋಡೆಗೆ ಇಟ್ಟಿಗೆ ಇದ್ದ ಹಾಗೆ ದೇಹಕ್ಕೆ ಜೀವಕೋಶ. ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಸುದ್ದಿ ಒಯ್ಯುವ ಜೀವಕೋಶಕ್ಕೆ ನರಕೋಶ ಎನ್ನುತ್ತಾರೆ. ಮಿದುಳಿನಲ್ಲೇ ಸುಮಾರು 8,600 ಕೋಟಿ ನರಕೋಶಗಳಿವೆ. ನರಕೋಶದ ಸಣ್ಣ ಕವಲುಗಳು ಸುದ್ದಿ ತೆಗೆದುಕೊಳ್ಳುತ್ತವೆ. ಉದ್ದನೆಯ ಎಳೆ ಅದನ್ನು ಮುಂದೆ ಒಯ್ಯುತ್ತದೆ. ಸೊಂಟದಿಂದ ಕಾಲ್ಬೆರಳಿನ ತನಕ ಹೋಗುವ ಎಳೆ ಸುಮಾರು ಒಂದು ಮೀಟರ್ ಉದ್ದ!

ಎಳೆಯೊಳಗೆ ಸುದ್ದಿ ಸಣ್ಣ ಕರೆಂಟಿನಂತೆ ಓಡುತ್ತದೆ. ಎಳೆಯ ತುದಿಗೂ ಸ್ನಾಯುವಿಗೂ ನಡುವೆ ಬಹಳ ಸಣ್ಣ ಸಂದು ಇದೆ. ಅದನ್ನು ದಾಟಿಸಲು ಒಂದು ರಸ ಬೇಕು. ಹಂಪಿಯಲ್ಲಿ ಹೊಳೆ ದಾಟಲು ಹರಿಗೋಲು ಬೇಕಲ್ಲ, ಹಾಗೆ.

ಇದನ್ನು ನಾವು ಯಾಕೆ ತಿಳಿಯಬೇಕು? ಕಂಪ್ಲಿ ಗದ್ದೆಯಲ್ಲಿ, ಸಂಡೂರಿನ ಗುಡ್ಡದಲ್ಲಿ ಕೆಲಸ ಮಾಡುವವರು ನಾವು. ಹಾವಿನ ಭಯ ಇದ್ದದ್ದೇ. ನಾಗರಹಾವಿನ ವಿಷ ಈ ಹರಿಗೋಲನ್ನು ದಡ ಸೇರಲು ಬಿಡುವುದಿಲ್ಲ. ಕಟ್ಟುಹಾವಿನ ವಿಷ ಹರಿಗೋಲು ಹೊರಡಲಿಕ್ಕೇ ಬಿಡುವುದಿಲ್ಲ. ಸ್ನಾಯುಗಳಿಗೆ ಸುದ್ದಿ ಮುಟ್ಟುವುದಿಲ್ಲ. ರೆಪ್ಪೆ ಜೋತು ಬೀಳುತ್ತದೆ. ಮಾತು ತೊದಲುತ್ತದೆ. ಉಗುಳು ನುಂಗಲು ಆಗುವುದಿಲ್ಲ. ಕೊನೆಗೆ ಉಸಿರು ನಿಲ್ಲುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ನೋವು, ಬಾವು ಕಡಿಮೆ. ಗಾಯ ಕಾಣದೆಯೂ ಇರಬಹುದು. "ಏನೂ ಆಗಿಲ್ಲ ಬಿಡು" ಅಂತ ಸುಮ್ಮನಿರಬೇಡಿ.

ಹಾವು ಕಚ್ಚಿದರೆ ಹೀಗೆ ಮಾಡಿ:

ಬಳೆ, ಉಂಗುರ, ಕಾಲುಂಗುರ ತೆಗೆಯಿರಿ.
ಕಚ್ಚಿದ ಕೈ ಕಾಲು ಅಲುಗಿಸಬೇಡಿ.
ಹಗ್ಗ ಬಿಗಿಯಬೇಡಿ. ಕೊಯ್ಯಬೇಡಿ. ಬಾಯಿಂದ ಹೀರಬೇಡಿ.
108ಕ್ಕೆ ಫೋನ್ ಮಾಡಿ. ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಉಸಿರು ಕಟ್ಟಿದರೆ ಯಂತ್ರದಿಂದ ಉಸಿರು ಕೊಡುತ್ತಾರೆ. 2024ರಲ್ಲಿ ನಮ್ಮ ರಾಜ್ಯ ಸರಕಾರ ಒಂದು ಆದೇಶ ಮಾಡಿತು. ಹಾವು ಕಚ್ಚಿ ಬಂದ ಪ್ರತಿಯೊಬ್ಬರ ಲೆಕ್ಕವನ್ನೂ ಆಸ್ಪತ್ರೆಯವರು ಸರಕಾರಕ್ಕೆ ಕೊಡಬೇಕು.

ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುವವರು ನಾವು. ಆ ಭಕ್ತಿ ಇರಲಿ. ಆದರೆ ಹಾವು ಕಚ್ಚಿದಾಗ ಮಂತ್ರ ಹಾಕಿಸುತ್ತಾ ಕೂತರೆ ಹೊತ್ತು ಹೋಗುತ್ತದೆ. ಹೊತ್ತು ಹೋದರೆ ಜೀವವೂ ಹೋದೀತು.

ಕೂಡಿ ಮಾತಾಡೋಣ: ನಮ್ಮ ಊರಿಗೆ ಹತ್ತಿರದ ಸರಕಾರಿ ಆಸ್ಪತ್ರೆ ಯಾವುದು? ರಾತ್ರಿ ಹೊತ್ತು ಅಲ್ಲಿಗೆ ಹೋಗುವುದು ಹೇಗೆ?